ಇಗರ್ಜಿ ಗೋಡೆ ಸುಸ್ಥಿತಿಯಲ್ಲಿದೆ

ಹಳೇ ಕಲ್ಲು ಕಾಯುವವನ ನೌಕರಿಯಲ್ಲಿ ಎಂತದೂ ನಡೆಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಬೇಕಾದಷ್ಟು ನಡೆಯುತ್ತದೆ. ನಾನು ಅಲ್ಲಿ ಇಲ್ಲದ ದಿನ ನಡೆಯುತ್ತದೆ, ಅಷ್ಟೇ.

ನಾನು ಸ್ಮಾರಕ ಕಾವಲುಗಾರ. ಇಲಾಖೆ ನನ್ನ ವಶಕ್ಕೆ ಮೂರು ಸ್ಮಾರಕ ಕೊಟ್ಟಿದೆ. ಭಟ್ಕಳದ ಕಡೆ ಕಲ್ಲುಚಪ್ಪಡಿಯ ಇಳಿಜಾರು ಮಾಡಿನ ಒಂದು ಬಸದಿ. ಹೊನ್ನಾವರದ ಕಡೆ ಕೆಂಪುಕಲ್ಲಿನ ಒಂದು ಕೋಟೆ. ಕುಮಟೆಯಲ್ಲಿ ಹೊಳನಗದ್ದೆ ದಾಟಿ ಸಮುದ್ರದ ದಂಡೆಗೆ ಹೋದರೆ ಒಂದು ಇಗರ್ಜಿ, ಅಂದರೆ ಚರ್ಚು. ಇಗರ್ಜಿ ಎನ್ನುವುದು ಗೌರವಕ್ಕೆ. ಉಳಿದದ್ದು ಅದರ ಮುಂದಿನ ಗೋಡೆ ಒಂದೇ. ನಡುವೆ ಒಂದು ಬಾಗಿಲು, ಮೇಲೆ ಒಂದು ಗುಂಡು ಕಿಟಕಿ, ಬದಿಯಲ್ಲಿ ಒಂದು ಗೂಡು. ಬಾಗಿಲು ದಾಟಿ ಒಳಗೆ ಹೋದರೂ ನೀವು ಹೊರಗೇ ಇರುತ್ತೀರಿ.

ಮೂರಕ್ಕೂ ಸೇರಿ ಕಾವಲುಗಾರ ನಾನೊಬ್ಬನೇ. ಸೋಮವಾರ, ಮಂಗಳವಾರ ಭಟ್ಕಳ. ಬುಧವಾರ, ಗುರುವಾರ ಹೊನ್ನಾವರ. ಶುಕ್ರವಾರ, ಶನಿವಾರ ಕುಮಟೆ. ಭಾನುವಾರ ರಜೆ. ಸ್ಮಾರಕ ನೋಡಲು ಜನ ಬರುವುದು ಭಾನುವಾರ.

ಬಸದಿ ಗಟ್ಟಿಯಾಗಿದೆ. ಕೋಟೆಯಲ್ಲಿ ಬೀಳುವಂಥದ್ದೆಲ್ಲ ನಾನು ಹುಟ್ಟುವ ಮೊದಲೇ ಬಿದ್ದಾಗಿದೆ. ನನ್ನ ತಲೆನೋವು ಇಗರ್ಜಿ ಗೋಡೆ. ಅದು ಸಮುದ್ರದ ಕಡೆ ವಾಲಿತ್ತು. ಕೆಲಸಕ್ಕೆ ಸೇರಿದ ವರ್ಷ ನಾನು ಒಂದು ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ತಲೆಯಿಂದ ಇಳಿಬಿಟ್ಟು ನೋಡಿದ್ದೆ. ಕಲ್ಲಿಗೂ ಗೋಡೆಯ ಬುಡಕ್ಕೂ ನಡುವೆ ಎರಡು ಬೆರಳು ಜಾಗ ಇತ್ತು. ಹದಿನಾಲ್ಕು ವರ್ಷದಲ್ಲಿ ಆ ಎರಡು ಬೆರಳು ಒಂದು ಗೇಣಾಯಿತು. ವರ್ಷಕ್ಕೊಂದು ಪತ್ರ ಬರೆದೆ. ಪ್ರತಿ ಪತ್ರಕ್ಕೂ ಉತ್ತರ ಬಂತು, ಪ್ರತಿ ಉತ್ತರದಲ್ಲೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಮಾತಿತ್ತು. ಬರುವ ಮೇ ಕೊನೆಗೆ ನನಗೆ ನಿವೃತ್ತಿ. ದೊಡ್ಡ ಆಸೆ ಏನೂ ಇರಲಿಲ್ಲ. ಮೂರು ಕೊಟ್ಟಿದ್ದರು, ಮೂರನ್ನೂ ನಿಂತ ಹಾಗೇ ಒಪ್ಪಿಸಿ ಮನೆಗೆ ಹೋಗಬೇಕು ಎಂಬುದೊಂದೇ ಆಸೆ.

ಸೇತುವೆಯ ಮೇಲೆ ಭೇಟಿ

ಒಂದು ಶುಕ್ರವಾರ ನಾನು ಇಗರ್ಜಿಯ ಹತ್ತಿರ ಕಸ ಗುಡಿಸುತ್ತಿದ್ದಾಗ ಕಚೇರಿಯ ಗುಮಾಸ್ತರು ಫೋನು ಮಾಡಿದರು. ಮೇಲಿನ ಕಚೇರಿಯ ಸಾಹೇಬರು ಮುನ್ಸೂಚನೆ ಇಲ್ಲದೆ ಭಟ್ಕಳಕ್ಕೆ ಬಂದಿದ್ದಾರೆ, ಬಸದಿಯ ಗೇಟಿನ ಎದುರು ನಿಂತಿದ್ದಾರೆ ಎಂದರು. ಅಷ್ಟರಲ್ಲಿ ಫೋನು ಕಡಿದುಹೋಯಿತು. ಬೀಗದ ಕೈ ನನ್ನ ಸೊಂಟದಲ್ಲಿ. ಹಿಡಿಸೂಡಿ ಅಲ್ಲೇ ಒಗೆದು ಕುಮಟೆಗೆ ಓಡಿ, ಸಿಕ್ಕಿದ ಬಸ್ಸು ಹತ್ತಿದೆ.

ಬಸ್ಸು ಶರಾವತಿ ಸೇತುವೆಗೆ ಬಂದಾಗ ಎದುರಿನಿಂದ ಇಲಾಖೆಯ ಜೀಪು ಬಂತು. ಮುಂದಿನ ಸೀಟಿನಲ್ಲಿ ಸಾಹೇಬರು. ಶುಕ್ರವಾರ ನನ್ನ ಪಾಳಿ ಕುಮಟೆಯಲ್ಲಿ ಎಂದು ಅವರಿಗೆ ಆಮೇಲೆ ಯಾರೋ ತಿಳಿಸಿದ್ದಾರೆ, ನನ್ನನ್ನು ಹುಡುಕಿಕೊಂಡು ಕುಮಟೆಗೇ ಹೊರಟಿದ್ದಾರೆ. ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಬಸ್ಸಿನಲ್ಲಿ ಎದ್ದು ನಿಂತು ಕೈಮುಗಿದೆ. ಜೀಪು ದಾಟಿ ಹೋಯಿತು.

ನಾನು ಭಟ್ಕಳ ಮುಟ್ಟುವ ಹೊತ್ತಿಗೆ ಅವರು ಇಗರ್ಜಿ ಮುಟ್ಟಿದ್ದರು. ಆ ದಂಡೆಯಲ್ಲಿ ತಂಡೇಲನ ಮನೆ ಇದೆ. ತಂಡೇಲ ಅಂದರೆ ಮೀನುಗಾರರ ದೋಣಿಯ ಮುಖ್ಯಸ್ಥ, ನನ್ನ ಹಳೇ ಗೆಳೆಯ. ಅವನ ಹೆಂಡತಿ ಅಲ್ಲೇ ಮೀನು ಒಣಗಿಸುತ್ತಿದ್ದಳು. ಕಾವಲುಗಾರ ಎಲ್ಲಿ ಎಂದು ಸಾಹೇಬರು ಕೇಳಿದರಂತೆ. ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು, "ನಿಮ್ಮನ್ನ ನೋಡೂಕೆ ಭಟ್ಕಳಕ್ಕೆ ಹೋದ್ರು."

ಸಂಜೆ ನಾನು ಅವಳನ್ನು ಕೇಳಿದ್ದು ಒಂದೇ ಮಾತು. ಸಾಹೇಬರು ಗೋಡೆ ನೋಡಿದರಾ ಎಂದು. ಇಲ್ಲವಂತೆ. ಅರ್ಧ ಗಂಟೆ ಗೋಡೆಯ ನೆರಳಿನಲ್ಲೇ ನಿಂತಿದ್ದರಂತೆ, ಆದರೆ ಹುಡುಕಿದ್ದು ನನ್ನನ್ನು.

ಹಾಜರಿಯ ಪುರಾವೆ

ವಾರದೊಳಗೆ ನೋಟಿಸು ಬಂತು. ಗೋಡೆಯ ಪತ್ರಕ್ಕೆ ವರ್ಷಗಟ್ಟಲೆ ಹಿಡಿಯುವ ಕಚೇರಿ ನನ್ನ ಮೇಲೆ ಬರೆಯಲು ನಾಲ್ಕೇ ದಿನ ತೆಗೆದುಕೊಂಡಿತು. ಎರಡು ಸ್ಮಾರಕಗಳಲ್ಲಿ ಏಕಕಾಲಕ್ಕೆ ಗೈರುಹಾಜರಾಗಿದ್ದೀರಿ, ಕರ್ತವ್ಯದ ಸ್ಥಳದಲ್ಲಿ ಇರುತ್ತೀರಿ ಎನ್ನಲು ಪುರಾವೆ ಒದಗಿಸಿ ಎಂದು.

ಕಲ್ಲಿನ ಹತ್ತಿರ ಕೂತವನಿಗೆ ಪುರಾವೆ ಎಲ್ಲಿಂದ ಬರಬೇಕು? ಕಲ್ಲೇ ಬಂದು ಹೇಳಬೇಕು. ಅದೇ ಚಿಂತೆಯಲ್ಲಿದ್ದಾಗ ಹೊನ್ನಾವರದ ಬಸ್ ಸ್ಟ್ಯಾಂಡಿನ ಎದುರು ಒಂದು ಮದುವೆಯ ಫ್ಲೆಕ್ಸ್ ಕಂಡಿತು. ಹಿಂದಿನ ತಿಂಗಳು ಒಂದು ಬುಧವಾರ ಗಂಡು ಹೆಣ್ಣು ಕೋಟೆಗೆ ಬಂದು ಮದುವೆಗೆ ಮೊದಲಿನ ಫೋಟೋ ತೆಗೆಸಿಕೊಂಡಿದ್ದರು. ಫೋಟೋದವನು ನನ್ನನ್ನು ಅಜ್ಜ, ಆಚೆ ಹೋಗಿ, ಇನ್ನೂ ಆಚೆ ಹೋಗಿ ಎಂದು ಅಟ್ಟುತ್ತಲೇ ಇದ್ದ. ನಾನು ಹೋದ ಕಡೆಗೇ ಅವನ ಕ್ಯಾಮೆರಾ ತಿರುಗುತ್ತಿತ್ತು. ಕೊನೆಗೆ ಬುರುಜಿನ ಸಂದಿಯಲ್ಲಿ ಕೋಲು ಹಿಡಿದು ಸುಮ್ಮನೆ ನಿಂತೆ.

ಫ್ಲೆಕ್ಸಿನಲ್ಲಿ ಗಂಡು ಹೆಣ್ಣು ಮಂಜುಮಂಜಾಗಿದ್ದರು. ಈಗಿನ ಫ್ಯಾಷನ್ ಅದಂತೆ. ಅವರಿಬ್ಬರ ತಲೆಗಳ ನಡುವೆ ಖಾಕಿ ಅಂಗಿಯ ಗುಂಡಿಯ ಸಮೇತ ಸ್ಪಷ್ಟವಾಗಿ ಕಾಣುತ್ತಿದ್ದವನು ನಾನು. ಮದುವೆ ಯಾರದ್ದು ಎಂದು ಹೊಸಬರಿಗೆ ಸಂಶಯ ಬರಬೇಕು, ಹಾಗಿತ್ತು. ಫೋನಿನಲ್ಲಿ ಅದರ ಚಿತ್ರ ತೆಗೆದು, ದೊಡ್ಡದು ಮಾಡಿಸಿ, ನೋಟಿಸಿನ ಉತ್ತರಕ್ಕೆ ಪಿನ್ನು ಹೊಡೆದು ಕಳಿಸಿದೆ. ನನಗೆ ಬಹಳ ಧೈರ್ಯ ಬಂದಿತ್ತು. ಅದೇ ಪತ್ರದ ಕೊನೆಗೆ ಗೋಡೆಯ ವಿಷಯವನ್ನೂ ಇನ್ನೊಮ್ಮೆ ಸೇರಿಸಿದ್ದೆ.

ಉತ್ತರ ಬೇಗನೆ ಬಂತು. ಗೋಡೆ ಪರಿಶೀಲನೆಯಲ್ಲಿದೆ. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ನಡೆದ ಚಿತ್ರೀಕರಣದಲ್ಲಿ ತಾವು ಪಾತ್ರ ವಹಿಸಿದ್ದೇಕೆ, ತಿಳಿಸುವುದು.

ಇತಿಹಾಸ ಪೂರ್ತಿ ಕೇಳಿದವರು

ಭಟ್ಕಳದ ಬಸದಿಯ ಇತಿಹಾಸ ನನಗೆ ಬಾಯಿಪಾಠ. ಮಳೆ ಜಾರಿ ಹೋಗಲು ಮರದ ಹಲಗೆಯ ಹಾಗೆ ಕಲ್ಲು ಸೀಳಿ ಮಾಡಿಗೆ ಹಾಕಿದ್ದು, ಗಾಳಿ ಬರಲು ಕಲ್ಲಿನ ಜಾಲಂದ್ರ ಕೊರೆದದ್ದು, ಕಾಳುಮೆಣಸಿನ ವ್ಯಾಪಾರದ ಕಾಲ, ರಾಣಿಯರ ಕಾಲ, ಎಲ್ಲ ಸೇರಿ ಮುಕ್ಕಾಲು ಗಂಟೆಯ ವಿಷಯ. ಕೇಳುವವರು ಹೆಚ್ಚೆಂದರೆ ಎರಡು ನಿಮಿಷ ನಿಲ್ಲುತ್ತಾರೆ. ಪೂರ್ತಿ ಕೇಳಿದ್ದು ಒಬ್ಬರೇ. ಅವರ ಕಾರಿನ ಎರಡು ಚಕ್ರ ಒಟ್ಟಿಗೆ ಪಂಕ್ಚರ್ ಆಗಿತ್ತು.

ಡ್ರೈವರು ಚಕ್ರ ಹಿಡಿದುಕೊಂಡು ರಿಕ್ಷಾ ಹತ್ತಿ ಹೋದ. ಯಜಮಾನರು ಬಸದಿಯ ಮೆಟ್ಟಿಲ ಮೇಲೆ ಕೂತರು. ನಾನು ಶುರು ಮಾಡಿದೆ. ಅವರು ಒಂದು ಸಲವೂ ಫೋನು ನೋಡಲಿಲ್ಲ, ಅಲ್ಲಲ್ಲಿ ತಲೆಯಾಡಿಸಿದರು, ಮಾಡಿನ ಕಲ್ಲು ಎಷ್ಟು ಹಳೇದು ಎಂದು ಎರಡು ಸಲ ಕೇಳಿದರು. ಇಷ್ಟು ವರ್ಷಕ್ಕೆ ಒಬ್ಬ ಮನುಷ್ಯ ಸಿಕ್ಕಿದ ಎಂದು ಕಣ್ಣಲ್ಲಿ ನೀರೇ ಬಂತು. ಅದನ್ನು ಅವರು ನೋಡಿದರು.

ಕಾರು ತಯಾರಾದ ಮೇಲೆ ಹತ್ತಿರ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ಬೇಜಾರು ಮಾಡ್ಬೇಡಿ. ನಮ್ಮ ಎಮ್ಮೆಲ್ಲೆ ನನಗೆ ಬೇಕಾದವರು. ಇದನ್ನ ಕೆಡವಿಸಿ ಹೊಸದೇ ಕಟ್ಟಿಸಿ ಕೊಡೋಣ" ಅಂದರು.

ಬಾಯಮ್ಮನ ಬೇಡಿಕೆ

ಇಗರ್ಜಿಯ ಹತ್ತಿರ ನನಗೆ ಖಾಯಂ ಸಂದರ್ಶಕರು ಒಬ್ಬರು. ಎಂಬತ್ತು ದಾಟಿದ ಬಾಯಮ್ಮ. ಭಾನುವಾರ ಪೇಟೆಯ ಹೊಸ ಇಗರ್ಜಿಗೆ ಹೋಗುತ್ತಾರೆ, ಶುಕ್ರವಾರ ಇಲ್ಲಿಗೆ ಬಂದು ಗೋಡೆಯ ಗೂಡಿನಲ್ಲಿ ಒಂದು ಮೇಣಬತ್ತಿ ಇಡುತ್ತಾರೆ. ಅವರ ಅಜ್ಜಿಯೂ ಅದೇ ಗೂಡಿನಲ್ಲಿ ಇಡುತ್ತಿದ್ದರಂತೆ. ಈಗ ಬೆನ್ನು ಬಾಗಿ ಕೈ ಎಟುಕುವುದಿಲ್ಲ. ಅವರು ಬತ್ತಿ ಕೊಡುತ್ತಾರೆ, ನಾನು ಹಚ್ಚಿ ಇಡುತ್ತೇನೆ. ನನ್ನ ಕರ್ತವ್ಯದ ಪಟ್ಟಿಯಲ್ಲಿ ಮೇಣಬತ್ತಿ ಇಲ್ಲ. ಹದಿನಾಲ್ಕು ವರ್ಷ ಒಂದು ವಾರವೂ ತಪ್ಪದೆ ಮಾಡಿದ ಕೆಲಸ ಮಾತ್ರ ಅದೊಂದೇ.

ಕಳೆದ ಬೇಸಿಗೆಯಲ್ಲಿ ಒಂದು ದಿನ, ಬತ್ತಿ ಹಚ್ಚಿ ಎಂತ ಬೇಡ್ತ್ರಿ ಬಾಯಮ್ಮ ಎಂದು ಕೇಳಿದೆ.

"ನಾ ಸಾಯೂ ತನಕ ಈ ಗೋಡೆ ನಿಲ್ಲಲಿ ಅಂತ ಬೇಡ್ತೆ ಪುತಾ."

ನಾನು ರಿಟೈರ್ ಆಗೂ ತನಕ ಅಂತಲೂ ಸೇರಿಸಿ ಎಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ತಮ್ಮದನ್ನು ಬಿಟ್ಟು ನನ್ನದನ್ನೇ ಬೇಡುವುದು ಒಳ್ಳೆಯದು ಅಂದರು. ತಮ್ಮದಕ್ಕೆ ತಾರೀಕು ಗೊತ್ತಿಲ್ಲ, ತಾರೀಕು ಹೇಳದೆ ದೇವರ ಹತ್ತಿರ ಎಂತ ಕೇಳುವುದು, ಸರಕಾರದ ತಾರೀಕಾದರೆ ಬದಲಾಗುವುದಿಲ್ಲ ಎಂದು ಅವರ ವಾದ. ಅವತ್ತಿನಿಂದ ಪ್ರತಿ ಶುಕ್ರವಾರ ಗಟ್ಟಿಯಾಗಿ ಬೇಡತೊಡಗಿದರು. ಸಾಯ್ಬ ಅಂದರೆ ಅವರ ಮಾತಿನಲ್ಲಿ ದೇವರು.

"ಸಾಯ್ಬಾ, ಇವ ರಿಟೈರ್ ಆಗೂ ತನಕ ಗೋಡೆ ನಿಲ್ಲಲಿ. ಮೇ ಮೂವತ್ತೊಂದು." ನನ್ನ ಕಡೆ ತಿರುಗಿ ಎಷ್ಟು ಗಂಟೆಗೆ ಎಂದು ಕೇಳಿದರು. ಐದೂವರೆ ಎಂದೆ. ಅದನ್ನೂ ಹೇಳಿದರು.

ಕಟ್ಟೆಯ ಭಾಗ್ಯ

ಅದೇ ಬೇಸಿಗೆಗಿಂತ ಒಂದು ವರ್ಷ ಮೊದಲು ಪರದೇಶದ ಒಬ್ಬ ಪ್ರೊಫೆಸರು ಬಂದಿದ್ದರು. ಮೂಲ ನಮ್ಮ ಕಡೆಯವರೇ, ಕನ್ನಡ ಚೆನ್ನಾಗಿತ್ತು. ಅವರು ಕಲಿಸುವುದು ಒಂದು ಹಳೇ ವಿಶ್ವವಿದ್ಯಾಲಯದ ಊರಿನಲ್ಲಿ. ಅಲ್ಲಿ ಬೀದಿಗೊಂದು ಇಗರ್ಜಿ, ತಿರುವಿಗೊಂದು ಗೋಪುರ, ಒಂದೊಂದು ಕಲ್ಲಿನ ಮೇಲೂ ಒಂದೊಂದು ಪುಸ್ತಕ ಇದೆಯಂತೆ. ನನಗೆ ಆಸೆ ಚಿಗುರಿತು. ಇವರು ಗೋಡೆಯ ಬಗ್ಗೆ ನಾಲ್ಕು ಸಾಲು ಬರೆದರೆ ಇಲಾಖೆ ಏಳುತ್ತದೆ ಎಂದು ದಾರ, ಕಲ್ಲು, ಗೇಣಿನ ಅಳತೆ ಎಲ್ಲ ತೋರಿಸಿದೆ. ಇಂಥ ಗೋಡೆ ನಮ್ಮ ಊರಲ್ಲಿ ನೂರಿವೆ ಎಂದು ಅವರು ಆಚೆ ನಡೆದರು.

ಆಚೆ ಇದ್ದದ್ದು ತಂಡೇಲನ ಮೀನು ಒಣಗಿಸುವ ಕಟ್ಟೆ. ಕೆಂಪುಕಲ್ಲಿನದು, ನೀರು ಇಳಿಯಲು ಒಂದು ಕಡೆ ಓರೆ, ಮೂಲೆಯಲ್ಲಿ ಸಣ್ಣ ತೋಡು. ಪ್ರೊಫೆಸರು ಅದರ ಎದುರು ಮಂಡಿಯೂರಿದರು. ಟೇಪು ಹಿಡಿದು ಅಳೆದರು. ಇದು ಬಲಿಪೀಠದ ಅಡಿಪಾಯ, ಈ ತೋಡು ದೀಕ್ಷಾಸ್ನಾನದ ತೀರ್ಥ ಹರಿದುಹೋಗಲು ಮಾಡಿದ್ದು ಅಂದರು. ಸರ್, ಇದು ನಮ್ಮ ತಂಡೇಲ ಮಗಳ ಮದುವೆಯ ವರ್ಷ ಕಟ್ಟಿದ್ದು, ಆ ಮೂಲೆಯ ಕಲ್ಲು ನಾನೇ ಹೊತ್ತಿದ್ದೆ ಎಂದೆ. ಅವರು ನಕ್ಕು ನನ್ನ ಮಾತನ್ನೂ ಬರೆದುಕೊಂಡರು.

ವರದಿ ಬಂತು. 'ಈ ಪ್ರಾಚೀನ ಪೀಠವನ್ನು ತಾವೇ ಕಟ್ಟಿದ್ದೆಂಬ ಐತಿಹ್ಯ ಸ್ಥಳೀಯರಲ್ಲಿ ಇಂದಿಗೂ ಜೀವಂತವಾಗಿದೆ' ಎಂದು ಅದರಲ್ಲಿ ಅಚ್ಚಾಗಿತ್ತು. ಮೂರೇ ತಿಂಗಳಿಗೆ ಇಲಾಖೆಯ ಕೆಲಸದವರು ಲಾರಿಯಲ್ಲಿ ಬಂದರು. ಕಟ್ಟೆಯ ಬಿರುಕಿಗೆ ಸುಣ್ಣದ ಗಾರೆ ತುಂಬಿದರು. ಸುತ್ತ ಕಬ್ಬಿಣದ ಬೇಲಿ ಹಾಕಿದರು. ನೀಲಿ ಬೋರ್ಡು ನಿಲ್ಲಿಸಿದರು. ಹತ್ತು ಹೆಜ್ಜೆ ಆಚೆ ಗೋಡೆ ವಾಲಿಕೊಂಡು ಎಲ್ಲವನ್ನೂ ನೋಡುತ್ತಿತ್ತು. ಇದಕ್ಕೂ ಒಂದು ಬುಟ್ಟಿ ಗಾರೆ ಹಾಕಿ ಎಂದು ಮೇಸ್ತ್ರಿಯ ಕೈಹಿಡಿದು ಕೇಳಿದೆ. ಮಂಜೂರಿ ಇರುವುದು ಕಟ್ಟೆಗೆ, ಗೋಡೆ ಪರಿಶೀಲನೆಯಲ್ಲಿದೆ ಎಂದು ಅವನು ಕಾಗದ ತೋರಿಸಿದ. ತಂಡೇಲನ ಹೆಂಡತಿ ಬೇಲಿಯ ಹೊರಗೆ ಮೀನಿನ ಬುಟ್ಟಿ ಹೊತ್ತು ನಿಂತಿದ್ದವಳು ನನ್ನನ್ನು ಕರೆದಳು.

"ಒಂದು ಕೆಲ್ಸ ಮಾಡ್ವಾ. ನಾಳಿಂದ ನಿಮ್ಮ ಗೋಡೆ ಮೇಲೂ ನಾಲ್ಕು ದಿವ್ಸ ಮೀನು ಒಣಗಿಸ್ತೆ."

ಅಮ್ಮನ ಉತ್ತರ

ಕಳೆದ ಮೇ ಕೊನೆಯಲ್ಲಿ ಅಳೆದಾಗ ಗೇಣಿನ ಮೇಲೆ ಎರಡು ಬೆರಳು ಹೆಚ್ಚಾಗಿತ್ತು. ಈ ಮಳೆಗಾಲ ಗೋಡೆ ದಾಟುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಕಟ್ಟೆಯ ಬೇಲಿಗೆ ಒರಗಿ ತಲೆಮೇಲೆ ಕೈಹೊತ್ತು ಕೂತಿದ್ದೆ. ತಂಡೇಲ ತನ್ನ ದೋಣಿಯನ್ನು ಮಳೆಗಾಲಕ್ಕೆ ದಂಡೆಗೆ ಎಳೆಸುತ್ತಿದ್ದ. ಎಳೆದ ಮೇಲೆ ದೋಣಿ ಮಗುಚದ ಹಾಗೆ ಎರಡೂ ಬದಿಗೆ ಊರೆ ಕಂಬ ಕೊಡುತ್ತಾರೆ, ಹಗ್ಗ ಬಿಗಿಯುತ್ತಾರೆ, ಹೆಣೆದ ತೆಂಗಿನ ಮಡಲು ಹೊದಿಸುತ್ತಾರೆ. ಅವನು ದೋಣಿ ನೋಡಿದ, ಗೋಡೆ ನೋಡಿದ, ನನ್ನನ್ನು ನೋಡಿದ. "ಇದಕ್ಕೂ ಊರೆ ಕೊಟ್ರೆ ಆತು ಭಾವ" ಅಂದ.

ಇಲಾಖೆಗೆ ಗೊತ್ತಾದರೆ ನನ್ನ ನೌಕರಿ ಹೋಗುತ್ತದೆ. ಗೋಡೆ ಬಿದ್ದರೂ ಹೋಗುತ್ತದೆ. ಹೂಂ ಎಂದೆ. ಆದರೆ ತಂಡೇಲನಿಗೆ ಇನ್ನೊಂದು ಅಳುಕಿತ್ತು. ಪರರ ದೇವರ ಜಾಗ, ಅಲ್ಲಿ ಹಳೇ ಪಾದ್ರಿ ಸತ್ತ ಮೇಲೂ ಇದ್ದಾನೆ ಎಂದು ದಂಡೆಯವರ ನಂಬಿಕೆ. ಊರ ಅಮ್ಮನ ಹತ್ತಿರ ಪ್ರಸಾದ ಕೇಳದೆ ಕಂಬ ಮುಟ್ಟುವುದಿಲ್ಲ ಅಂದ. ನಮ್ಮಲ್ಲಿ ಯಾವುದಕ್ಕೂ ಹಾಗೇ. ಮೂರ್ತಿಯ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಅಂಟಿಸಿ ಪ್ರಶ್ನೆ ಕೇಳುವುದು, ಬಲದ ಎಸಳು ಬಿದ್ದರೆ ಆಗಬಹುದು, ಎಡದ್ದು ಬಿದ್ದರೆ ಆಗದು.

ಮರುದಿನ ಬೆಳಿಗ್ಗೆ ಇಬ್ಬರೂ ಮಿಂದು ಹೋದೆವು. ಗೋಡೆಗೆ ಊರೆ ಕೊಡಬಹುದೇ ಎಂದು ಪೂಜಾರರು ಕೇಳಿದರು. ಬಲದ ಎಸಳು ತಟ್ಟನೆ ಬಿತ್ತು. ಪಾದ್ರಿಗೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದರು. ಮತ್ತೆ ಬಲ. ಹದಿನಾಲ್ಕು ವರ್ಷದಲ್ಲಿ ಇಲಾಖೆ ಕೊಡದ ಉತ್ತರವನ್ನು ಅಮ್ಮ ಎರಡು ನಿಮಿಷದಲ್ಲಿ ಕೊಟ್ಟಳು. ನನಗೂ ಆಸೆ ಹೆಚ್ಚಿ, ಇಲಾಖೆಯವರಿಂದ ತೊಂದರೆ ಆಗಬಹುದೇ ಎಂದೂ ಕೇಳಿ ಎಂದೆ. ಪೂಜಾರರು ಕೇಳಿದರು. ಕಾದೆವು. ಬಲದ್ದೂ ಬೀಳಲಿಲ್ಲ, ಎಡದ್ದೂ ಬೀಳಲಿಲ್ಲ. ಹೂ ಬಾಡುವ ತನಕ ಕಾದು ಪೂಜಾರರು ನನ್ನ ಕಡೆ ತಿರುಗಿದರು.

"ಅದು ಅಮ್ಮನಿಗೂ ಗೊತ್ತಿಲ್ಲ."

ನೂಲ ಹುಣ್ಣಿಮೆ

ತಂಡೇಲ ಮತ್ತು ಅವನ ದೋಣಿಯ ಜನ ಒಂದೇ ದಿನದಲ್ಲಿ ಕೆಲಸ ಮುಗಿಸಿದರು. ಸಮುದ್ರದ ಕಡೆಯಿಂದ ಆರು ಕಂಬ, ಈಚೆ ಕಡೆಯಿಂದ ನಾಲ್ಕು. ಗುಂಡು ಕಿಟಕಿಯೊಳಗಿಂದ ಹಗ್ಗ ತಂದು ಕಟ್ಟೆಯ ಕಬ್ಬಿಣದ ಬೇಲಿಗೆ ಬಿಗಿದರು. ಇಲಾಖೆಯ ಹಣ ಗೋಡೆಗೆ ಉಪಯೋಗವಾದದ್ದು ಅಷ್ಟೇ. ತಲೆಗೆ ಮಡಲು ಹೊದಿಸಿದರು, ಬಾಯಮ್ಮನ ಗೂಡಿಗೆ ಮಾತ್ರ ಜಾಗ ಬಿಟ್ಟರು. ದೂರದಿಂದ ನೋಡಿದರೆ ದಂಡೆಯಲ್ಲಿ ಎರಡು ದೋಣಿ ಎಳೆದಿಟ್ಟ ಹಾಗೆ ಕಾಣುತ್ತಿತ್ತು.

ಮಳೆ ಹೊಡೆಯಿತು. ಜೂನಿನಲ್ಲಿ ಗಾಳಿಗೆ ಕಾಯ್ಕಿಣಿಯ ನಮ್ಮ ಮನೆಯ ಹಂಚು ಹಾರಿತು, ಗೋಡೆ ಅಲುಗಲಿಲ್ಲ. ಜುಲೈಯಲ್ಲಿ ಸಮುದ್ರ ಕಟ್ಟೆಯ ತನಕ ಬಂತು, ಗೋಡೆ ಅಲುಗಲಿಲ್ಲ. ತಂಡೇಲ ಬೆಳಿಗ್ಗೆ ಸಂಜೆ ದೋಣಿಯ ಹಗ್ಗ ಬಿಗಿಮಾಡುವಾಗ ಗೋಡೆಯದ್ದನ್ನೂ ಬಿಗಿಮಾಡುತ್ತಿದ್ದ. ಪ್ರತಿ ಶುಕ್ರವಾರ ನಾನು ಅಳೆದೆ. ಗೇಣಿನ ಮೇಲೆ ಎರಡೇ ಬೆರಳು, ಒಂದು ಕೂದಲೂ ಹೆಚ್ಚಿಲ್ಲ. ನಾನು ಇಷ್ಟು ಸುಖವಾಗಿ ಯಾವ ಮಳೆಗಾಲವನ್ನೂ ಕಳೆದವನಲ್ಲ.

ಆಗಸ್ಟ್ ಕೊನೆಗೆ, ಗುರುವಾರ, ನೂಲ ಹುಣ್ಣಿಮೆ ಬಂತು. ನಾನು ಹೊನ್ನಾವರದ ಕೋಟೆಯಲ್ಲಿದ್ದೆ. ಹುಣ್ಣಿಮೆಯ ದಿನ ಸಮುದ್ರಕ್ಕೆ ಕಾಯಿ ಬಿಟ್ಟು, ಪೂಜೆ ಮಾಡಿ, ದೋಣಿ ಇಳಿಸುತ್ತಾರೆ. ದೋಣಿ ನೀರಿಗೆ ಹೋದ ಮೇಲೆ ಸೂರ್ಯ ಮುಳುಗುವ ಮೊದಲು ದಂಡೆಯಲ್ಲಿ ಒಂದು ಊರೆ ಕಂಬವೂ ನಿಂತಿರಬಾರದು ಎಂಬುದು ತಂಡೇಲನ ಮನೆತನದ ಕಟ್ಟುನಿಟ್ಟು. ಊರೆ ನಿಂತರೆ ದೋಣಿಗೆ ದಂಡೆಯ ನೆನಪಾಗುತ್ತದೆ, ಮೀನು ಬೀಳುವುದಿಲ್ಲ ಎಂದು. ಈ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಅದು ಗೋಡೆಗೂ ಬರುತ್ತದೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಂದು ನೋಡುತ್ತೇನೆ, ಗೋಡೆಗೆ ಅಬ್ಬಲಿಗೆಯ ಮಾಲೆ ಹಾಕಿದ್ದಾರೆ. ಕುಂಕುಮ ಹಚ್ಚಿದ್ದಾರೆ. ಬಾಗಿಲಲ್ಲಿ ಒಡೆದ ಕಾಯಿ. ಒಂದೇ ಒಂದು ಕಂಬ ಇಲ್ಲ. ತಂಡೇಲ ಸಮುದ್ರಕ್ಕೆ ಹೋಗಿಯಾಗಿತ್ತು. ಅವನ ಹೆಂಡತಿ ನಗುತ್ತ ಬಂದಳು. ದೋಣಿಗೆ ಮಾಡಿದ್ದೆಲ್ಲ ನಿಮ್ಮ ಗೋಡೆಗೂ ಮಾಡಿದ್ದೇವೆ, ಒಂದೂ ಬಿಟ್ಟಿಲ್ಲ ಅಂದಳು. ಓಡಿಹೋಗಿ ಅವರ ಕೊಟ್ಟಿಗೆಯಿಂದ ಒಂದು ಕಂಬ ಎಳೆದುಕೊಂಡು ಬರುತ್ತಿದ್ದೆ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು.

ಹದಿನಾಲ್ಕು ವರ್ಷದಿಂದ ಪರಿಶೀಲನೆಯಲ್ಲಿದ್ದ ಗೋಡೆಯ ಪರಿಶೀಲನೆಗೆ ಸಾಹೇಬರು ಬಂದಿದ್ದರು. ಈ ಸಲ ನಾನು ಹಾಜರಿದ್ದೆ. ಅವರು ಗೋಡೆಯ ಸುತ್ತ ಒಂದು ಸುತ್ತು ಬಂದರು, ಮಾಲೆ ನೋಡಿದರು. ಇಡೀ ಮಳೆಗಾಲ ಯಾವ ಆಧಾರವೂ ಇಲ್ಲದೆ ನಿಂತಿದೆಯಲ್ಲ, ಬೀಳುತ್ತದೆ ಎಂದು ವರ್ಷವರ್ಷ ಬರೆಯುತ್ತೀಯಲ್ಲ ಎಂದು ಗದರಿದರು. ಆಧಾರ ಇತ್ತು ಸರ್, ದೋಣಿಗೆ ಕೊಟ್ಟ ಹಾಗೆ ಹತ್ತು ಕಂಬ ಕೊಟ್ಟಿದ್ದೆವು, ನಿನ್ನೆ ಹುಣ್ಣಿಮೆ, ಅದಕ್ಕೇ ತೆಗೆದರು ಎಂದೆ. ಹೇಳುತ್ತಿದ್ದಾಗ ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಎಲ್ಲಿ ಕಂಬ ಎಂದರು. ಕೈಯಲ್ಲಿದ್ದ ಒಂದನ್ನು ತೋರಿಸಿದೆ.

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು. 'ಇಗರ್ಜಿ ಗೋಡೆ ಸುಸ್ಥಿತಿಯಲ್ಲಿದೆ. ದುರಸ್ತಿಯ ಅಗತ್ಯವಿಲ್ಲ. ಕಡತ ಮುಕ್ತಾಯ.' ಸಹಿ ಹಾಕಿ, ಸಾಕ್ಷಿಗೆ ನನ್ನ ಸಹಿಯನ್ನೂ ತೆಗೆದುಕೊಂಡರು. ನಾನು ಹಾಕಿದೆ. ನಿವೃತ್ತಿಗೆ ಒಂಬತ್ತು ತಿಂಗಳಿದ್ದವನು ಮತ್ತೇನು ಮಾಡಬೇಕು?

ಜೀಪು ತಿರುವು ದಾಟಿತು. ಗೋಡೆ ಅದನ್ನೇ ಕಾಯುತ್ತಿತ್ತೋ ಏನೋ. ದೊಡ್ಡ ಸದ್ದೇನೂ ಆಗಲಿಲ್ಲ. ದಣಿದವರು ಕೂತುಕೊಳ್ಳುವ ಹಾಗೆ ಸಮುದ್ರದ ಕಡೆಗೆ ಕೂತುಬಿಟ್ಟಿತು. ಧೂಳು ಇಳಿದ ಮೇಲೆ ನೋಡಿದರೆ ಆಚೆಯ ಅಲೆ ಕಾಣುತ್ತಿತ್ತು. ಹದಿನಾಲ್ಕು ವರ್ಷ ಆ ಜಾಗದಲ್ಲಿ ಕೂತು ನಾನು ಅಲೆಯ ಸದ್ದು ಮಾತ್ರ ಕೇಳಿದ್ದೆ. ಕಂಬ ಹಿಡಿದುಕೊಂಡೇ ಅತ್ತೆ. ಮರೆಯಲ್ಲಿ ಅಳಲು ಅಲ್ಲಿ ಗೋಡೆಯೂ ಇರಲಿಲ್ಲ.

ಸಾಹೇಬರಿಗೆ ಫೋನು ಮಾಡಿ ಗೋಡೆ ಬಿತ್ತು ಸರ್ ಎಂದೆ.

"ವರದಿಗೆ ಸಹಿ ಆಗಿದೆ. ಮುಂದಿನ ತಪಾಸಣೆ ತನಕ ಅದು ನಿಂತಿರ್ತದೆ" ಅಂದರು. ಮುಂದಿನ ತಪಾಸಣೆ ಯಾವಾಗ ಎಂದು ಕೇಳಿದೆ. ಈ ವರ್ಷ ಇಲ್ಲ, ನೀನು ರಿಟೈರ್ ಆದ ಮೇಲೆ ಅಂದರು.

ಮಧ್ಯಾಹ್ನ ತಂಡೇಲ ದೋಣಿಯಿಂದ ಇಳಿದು ನೇರ ಬಂದ. ಕಲ್ಲಿನ ರಾಶಿಯ ಎದುರು ಕುಕ್ಕರುಗಾಲಿನಲ್ಲಿ ಕೂತ. ಬಯ್ಯಬೇಕೆಂದು ಕಾದಿದ್ದೆ, ಅವನೇ ಮೊದಲು ಬಾಯಿ ತೆರೆದ. "ದೋಣಿ ಹೋದ್ಮೇಲೆ ಊರೆ ತೆಗೀಬೇಕು, ಅದೊಂದೇ ಗೊತ್ತಿತ್ತು ಭಾವ. ಇದು ಎಲ್ಲಿಗೂ ಹೋಗುದಲ್ಲ ಅಂತ ಹೊಳೀಲೇ ಇಲ್ಲ" ಅಂದ. ಮಾಲೆಯ ಹೂ ಕಲ್ಲಿನ ನಡುವೆ ಬಿದ್ದಿತ್ತು. ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿದ.

ಸಂಜೆ ಬಾಯಮ್ಮ ಬತ್ತಿ ಹಿಡಿದುಕೊಂಡು ಬಂದರು. ಅವರಿಗೆ ಹೇಗೆ ಹೇಳುವುದೆಂದು ನಾನು ಮುಖ ತಿರುಗಿಸಿ ನಿಂತಿದ್ದೆ. ಅವರು ರಾಶಿಯ ಸುತ್ತ ನಿಧಾನ ನಡೆದರು. ಗೂಡಿದ್ದ ಕಲ್ಲು ಒಡೆಯದೆ ನೆಲದ ಮೇಲೆ ಬಿದ್ದಿತ್ತು. ಅದರ ಹತ್ತಿರ ಕೂತು, ಎಷ್ಟೋ ವರ್ಷದ ಮೇಲೆ ತಮ್ಮ ಕೈಯಿಂದಲೇ ಬತ್ತಿ ಹಚ್ಚಿದರು. ಪ್ರಾರ್ಥನೆ ಫಲಿಸಲಿಲ್ಲ ಬಾಯಮ್ಮ ಎಂದೆ. ಸಾಹೇಬರ ವರದಿಯ ಸುದ್ದಿಯನ್ನೂ ಹೇಳಿದೆ. ಮೇ ಮೂವತ್ತೊಂದರ ಐದೂವರೆ ತನಕ ಈ ಗೋಡೆ ಕಾಗದದಲ್ಲಿ ನಿಂತಿರುತ್ತದೆ, ನಾನು ವಾರಕ್ಕೆರಡು ದಿನ ಬಂದು ಅದನ್ನು ಕಾಯಬೇಕು, ಸುಸ್ಥಿತಿಯಲ್ಲಿದೆ ಎಂದು ಡೈರಿ ಬರೆಯಬೇಕು ಎಂದೆ.

ಬಾಯಮ್ಮ ಬತ್ತಿಗೆ ಗಾಳಿ ತಾಗದ ಹಾಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು.

"ಫಲಿಸ್ತಲ್ಲ ಪುತಾ. ನೀ ರಿಟೈರ್ ಆಗೂ ತನಕ ನಿಲ್ಲಲಿ ಅಂತ ಕೇಳಿದ್ದು. ಎಲ್ಲಿ ನಿಲ್ಲಬೇಕು ಅಂತ ಹೇಳೂಕೆ ನಾವೇ ಮರ್ತ್ವಿ."